ಪಾರ್ಕಿನ್ಸನ್ ರೋಗಿಗೆ ಡಿಬಿಎಸ್ (ಡೀಪ್ ಬ್ರೈನ್ ಸ್ಟಿಮ್ಯುಲೇಷನ್) ಶಸ್ತ್ರಚಿಕಿತ್ಸೆ ಮಾಡಿಸಿದರೆ ನಡಿಗೆ ಸರಿಹೋಗುತ್ತದೆಯೇ?

ಎಲ್ಲರಿಗೂ ಅಲ್ಲ. ಡಿಬಿಎಸ್‌ನಲ್ಲಿ ಮೆದುಳಿನ ಆಳಕ್ಕೆ ತೆಳು ತಂತಿ ಇಳಿಸಿ, ಎದೆಯ ಚರ್ಮದಡಿ ಇಟ್ಟ ಸಾಧನದಿಂದ ಸೆಕೆಂಡಿಗೆ ಸಾಮಾನ್ಯವಾಗಿ 130ರ ಆಸುಪಾಸಿನಲ್ಲಿ ವಿದ್ಯುತ್ ಮಿಡಿತ ಕೊಡುತ್ತಾರೆ. ನಡುಕ, ಬಿಗಿತ ಚೆನ್ನಾಗಿ ತಗ್ಗುತ್ತವೆ. ನಡಿಗೆಯ ಮಾತು ಬೇರೆ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪ ಮಾತ್ರೆಯ ಪರಿಣಾಮ ಇರುವಾಗ ಕಾಲು ಸರಾಗವಾಗಿ ಏಳುತ್ತಿದ್ದರೆ ಡಿಬಿಎಸ್‌ನಿಂದಲೂ ಅನುಕೂಲವಾಗುವ ಸಾಧ್ಯತೆ ಹೆಚ್ಚು; ಮಾತ್ರೆಗೆ ಬಗ್ಗದ ಸಮತೋಲನದ ತೊಂದರೆ ಇದಕ್ಕೂ ಬಗ್ಗುವುದು ಕಡಿಮೆ. ನಡಿಗೆಗಾಗಿ ಕೆಲವರಿಗೆ ವೈದ್ಯರು ವಿದ್ಯುತ್ ಮಿಡಿತವನ್ನು ಸೆಕೆಂಡಿಗೆ 60ಕ್ಕೆ ಇಳಿಸಿ ನೋಡುವುದುಂಟು.

ಆದ್ದರಿಂದ ಆಪರೇಷನ್ ಆದಮೇಲೂ ಫಿಸಿಯೋಥೆರಪಿ ಬಿಡಲೇಬೇಡಿ. ಬಾಗಿಲ ಬಳಿ, ತಿರುಗುವಾಗ ಪಾದ ನೆಲಕ್ಕೆ ಅಂಟಿದಂತಾದರೆ ದಯವಿಟ್ಟು ಕೈಹಿಡಿದು ಎಳೆಯಬೇಡಿ, ಬಿದ್ದುಬಿಡುತ್ತಾರೆ. ಒಂದು ಕ್ಷಣ ನಿಂತು, ಭಾರವನ್ನು ಒಂದು ಕಾಲಿಗೆ ಹಾಕಿ, ನೆಲಕ್ಕೆ ಅಂಟಿಸಿದ ಬಣ್ಣದ ಪಟ್ಟಿಯನ್ನು ದಾಟುವಂತೆ ಇನ್ನೊಂದು ಕಾಲೆತ್ತಲು ಹೇಳಿ. ಮೆಟ್ರೊನೋಮ್‌ನ (ಒಂದೇ ಲಯದಲ್ಲಿ ಟಿಕ್ ಟಿಕ್ ಸದ್ದು ಮಾಡುವ ಸಾಧನ) ತಾಳಕ್ಕೆ ಹೆಜ್ಜೆ ಹಾಕುವುದೂ ಹಲವರಿಗೆ ನೆರವಾಗುತ್ತದೆ.