ಪ್ರತಿಕ್ರಿಯೆ: ಅಮ್ಮನಿಗೆ ಐಜಿಜಿ ಫುಡ್ ಟೆಸ್ಟ್ ಮಾಡಿಸಬೇಕಾ?
ಪುಣೆಯ ಕೋಥ್ರೂಡ್‌ನ ಫಂಕ್ಷನಲ್ ಮೆಡಿಸಿನ್ (ಕಾಯಿಲೆಯ ಮೂಲ ಕಾರಣ ಹುಡುಕ್ತೀವಿ ಅನ್ನುವ ಪದ್ಧತಿ) ಕ್ಲಿನಿಕ್‌ನವರು ನಿಮ್ಮ ಅಮ್ಮನ ಸುಸ್ತು, ಹೊಟ್ಟೆ ಉಬ್ಬರಕ್ಕೆ ಐಜಿಜಿ ಫುಡ್ ಟೆಸ್ಟ್ (ಯಾವ ಆಹಾರಕ್ಕೆ ರಕ್ತದಲ್ಲಿ ಎಷ್ಟು ಐಜಿಜಿ ಎಂಬ ಪ್ರತಿಕಾಯ ಇದೆ ಅಂತ ನೋಡುವ ಪರೀಕ್ಷೆ) ಮಾಡಿಸಿ ಅಂದಿದ್ದಾರೆ, ಮಾಡಿಸಲಾ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಬೇಡ. ತಿಂದ ಆಹಾರಕ್ಕೆ ದೇಹ ಐಜಿಜಿ ತಯಾರಿಸುವುದು ಮಾಮೂಲಿ. ದಿನಾ ಚಪಾತಿ, ಹಾಲು ಸೇವಿಸುವವರ ರಿಪೋರ್ಟ್‌ನಲ್ಲಿ ಗೋಧಿ, ಹಾಲೇ ಜಾಸ್ತಿ ಬರಬಹುದು. ಅದು ಕಾಯಿಲೆಯಲ್ಲ. ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲೇ ಈ ಟೆಸ್ಟ್ ಬೇಡ ಎಂದಿದೆ.

ಆ ಕ್ಲಿನಿಕ್‌ನವರು ನಿದ್ದೆ, ಊಟ, ಓಡಾಟ ಎಲ್ಲ ವಿಚಾರಿಸಿ ನಿಧಾನವಾಗಿ ಮಾತಾಡ್ತಾರಲ್ವಾ, ಅದು ಮಾತ್ರ ಒಳ್ಳೆಯದೇ. ನಮ್ಮ ಒಪಿಡಿಗಳಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ?

ಮೊದಲು ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋಗಿ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ), ಥೈರಾಯ್ಡ್, ಬಿ12 ನೋಡಿಸಿ. ಅಮ್ಮ ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ತಾರೆ ಅಂದಿರಿ. ವರ್ಷಗಟ್ಟಲೆ ತಗೊಂಡರೆ ಅದು ಬಿ12 ತಗ್ಗಿಸಬಹುದು, ಮೇಲಿಂದ ಅವರು ಸಸ್ಯಾಹಾರಿ ಬೇರೆ. ಹೊಟ್ಟೆ ಉಬ್ಬರವೂ ಆ ಮಾತ್ರೆಯದ್ದೇ ಇರಬಹುದು. ಹಾಗಂತ ನೀವಾಗೇ ನಿಲ್ಲಿಸಬೇಡಿ, ಡಾಕ್ಟರನ್ನೇ ಕೇಳಿ.

ಇನ್ನೊಂದು ಮಾತು. ಕ್ಲಿನಿಕ್‌ನವರು ಹೇಳಿದರು ಅಂತ ಸುಮ್ನೆ ಗೋಧಿ ಬಿಡಿಸಬೇಡಿ. ಗೋಧಿ ಬಿಟ್ಟ ಮೇಲೆ ಸೀಲಿಯಾಕ್ ಕಾಯಿಲೆಯ (ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳು ಹಾಳಾಗುವ ಕಾಯಿಲೆ) ಟಿಟಿಜಿ ಎಂಬ ರಕ್ತದ ಟೆಸ್ಟ್ ಮಾಡಿಸಿದರೆ, ಕಾಯಿಲೆ ಇದ್ದರೂ ನಾರ್ಮಲ್ ಬಂದುಬಿಡಬಹುದು. ಉಬ್ಬರ ಈಚೆಗೆ ಶುರುವಾಗಿ ಹೋಗ್ತಾನೇ ಇಲ್ಲ ಅಂದರೆ ಹೊಟ್ಟೆಯ ಸೋನೋಗ್ರಫಿಯನ್ನು ಮುಂದೂಡಬೇಡಿ. ಅಂಡಾಶಯದ ತೊಂದರೆಯಿಂದಲೂ ಉಬ್ಬರ ಬರಬಹುದು, ಅಮ್ಮನ ವಯಸ್ಸಿಗೆ ಅದನ್ನೂ ನೋಡಿಸಬೇಕು.