ಎರೆಮಣ್ಣಿನ ಹಿತ್ತಲಿಗೆ ಪ್ಲಾಸ್ಟಿಕ್ ಹುಲ್ಲು: ಇಳಿದ ನೀರು ಹೋಗುವುದೆಲ್ಲಿಗೆ?

ಪ್ರಶ್ನೆ: ಗದಗಿನ ಹೊರಗೆ ಹೊಸ ಮನೆ ಕಟ್ಟಿಸಿದ್ದೇವೆ. ಹಿತ್ತಲು 20 ಅಡಿ ಉದ್ದ, 15 ಅಡಿ ಅಗಲ, ಪೂರ್ತಿ ಕಪ್ಪು ಎರೆಮಣ್ಣು. ತಾರಸಿಯ ಎರಡೂ ಪೈಪು ಅಲ್ಲೇ ಬೀಳುತ್ತವೆ. ಮಳೆ ಬಂದರೆ ದಿನಗಟ್ಟಲೆ ನೀರು ನಿಲ್ಲುತ್ತದೆ. ಮೊಮ್ಮಕ್ಕಳು ಆಡಲಿ ಎಂದು ಕೃತಕ ಹುಲ್ಲು ಹಾಸುವ ಯೋಚನೆ ಇದೆ. ಅಂಗಡಿಯವರು ‘ಹುಲ್ಲಿನ ತಳಕ್ಕೆ ತೂತು ಇವೆ, ನೀರು ತಾನೇ ಇಳಿಯುತ್ತದೆ. ಎರಡು ಇಂಚು ಎಂ-ಸ್ಯಾಂಡ್ ಹಾಕಿದರೆ ಸಾಕು’ ಎನ್ನುತ್ತಾರೆ. ನಂಬಬಹುದೇ?
– ನಿವೃತ್ತ ಶಿಕ್ಷಕಿ, ಗದಗ

ಉತ್ತರ: ಅಕ್ಕೋರೇ, ತೂತು ಇರುವುದು ನಿಜ. ತೂತಿನಿಂದ ಇಳಿದ ನೀರು ಆಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಅವರನ್ನು ಕೇಳಿ ನೋಡಿ. ನಿಮ್ಮ ಮಣ್ಣು ಅದನ್ನು ಕುಡಿಯುವುದಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಎರೆಮಣ್ಣು, ಮಳೆ ಬಿದ್ದ ಕೂಡಲೇ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ಹನಿ ನೀರು ಕೆಳಗಿಳಿಯಲು ಹೆಣಗಾಡುತ್ತದೆ. ಬಿಳಿಜೋಳಕ್ಕೆ, ಕಡಲೆಗೆ ಈ ಗುಣವೇ ವರ. ಹಿಂಗಾರಿ ಬೆಳೆ ಆ ಹಸಿಯ ಮೇಲೇ ನಿಲ್ಲುತ್ತದೆ. ಮನೆ ಕಟ್ಟುವವರಿಗೆ ಮಾತ್ರ ತಲೆನೋವು. ಅದರ ಮೇಲೆ ಮರಳು ಸುರಿದರೆ ಮರಳೇ ನೀರು ಹಿಡಿದು ಕೂರುತ್ತದೆ, ಹುಲ್ಲು ಒದ್ದೆ ಹಾಸಿಗೆಯಾಗುತ್ತದೆ.

ನಾನು ಗವಂಡಿ ಕೆಲಸದಿಂದ ಶುರು ಮಾಡಿ ಗುತ್ತಿಗೆದಾರನಾದವನು. ಹುಬ್ಬಳ್ಳಿ, ನವಲಗುಂದ, ಗದಗಿನ ಎರೆಯಲ್ಲಿ ಕೆಲಸ ಹಿಡಿದಾಗ ನನ್ನ ಮೊದಲ ಮಾತು ಒಂದೇ: ನೀರನ್ನು ಕೆಳಗೆ ಕಳಿಸುವ ಆಸೆ ಬಿಡಿ, ಪಕ್ಕಕ್ಕೆ ಕಳಿಸಿ.

ಹುಲ್ಲಿಗಿಂತ ಮೊದಲು ಆ ತಾರಸಿ ಪೈಪು ನೋಡೋಣ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಹಿತ್ತಲು ಸುಮಾರು 28 ಚದರ ಮೀಟರ್. 30 ಮಿಲಿಮೀಟರ್ ಮಳೆಗೆ ಅಲ್ಲಿ ಬೀಳುವುದು 840 ಲೀಟರ್. ತಾರಸಿ ಸಾವಿರ ಚದರ ಅಡಿ ಇದ್ದರೆ ಅದೇ ಮಳೆಗೆ ಅಲ್ಲಿಂದ 2,800 ಲೀಟರ್ ಹತ್ತಿರ ಬರುತ್ತದೆ. ಅಂದರೆ ಹಿತ್ತಲಲ್ಲಿ ನಿಲ್ಲುವ ನೀರಿನಲ್ಲಿ ಮುಕ್ಕಾಲು ಪಾಲು ಹಿತ್ತಲಿನದ್ದೇ ಅಲ್ಲ! ಆ ಎರಡು ಪೈಪುಗಳನ್ನು ಸಂಪಿಗೋ ರಸ್ತೆಯ ಗಟಾರಕ್ಕೋ ತಿರುಗಿಸಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಅರ್ಧ ಜಗಳ ಮುಗಿಯುತ್ತದೆ.

ಇಂಗುಗುಂಡಿ ತೋಡಿ ಎಂದು ಯಾರಾದರೂ ಹೇಳಬಹುದು. ಎರೆಯಲ್ಲೇ ನಿಂತ ಗುಂಡಿ ತುಂಬಿಕೊಂಡು ಹಾಗೇ ಕೂರುತ್ತದೆ, ಸೊಳ್ಳೆಗೆ ಮನೆಯಾಗುತ್ತದೆ. ಎರೆಯ ಪದರ ದಾಟಿ ಕೆಳಗಿನ ಗರಸು (ಹರಳು ಮಣ್ಣು) ಸಿಕ್ಕರೆ ಮಾತ್ರ ಅದಕ್ಕೆ ಅರ್ಥ. ಆಗಲೂ ಪಾಯದಿಂದ ಹತ್ತು ಅಡಿಯಾದರೂ ದೂರ ಇರಲಿ. ಪಾಯದ ಬುಡದ ಎರೆ ಒಮ್ಮೆ ನೆನೆದು ಒಮ್ಮೆ ಒಣಗಿದರೆ ಗೋಡೆ ಸೀಳುವುದು ಗ್ಯಾರಂಟಿ.

ಈಗ ಲೆವೆಲ್ ಪೈಪ್ (ಮಟ್ಟ ನೋಡುವ ನೀರು ತುಂಬಿದ ಪಾರದರ್ಶಕ ಪೈಪು) ಹಿಡಿದು ಗಟಾರದ ತಳ ಹಿತ್ತಲಿಗಿಂತ ಎಷ್ಟು ಕೆಳಗಿದೆ ನೋಡಿ. ಎರಡು ಅಡಿ ಸಿಕ್ಕರೆ ಕೆಲಸ ಸಲೀಸು. ಸಿಗದಿದ್ದರೆ ಗರಸು ಹಾಕಿ ಹಿತ್ತಲನ್ನೇ ಎತ್ತರಿಸಬೇಕು, ಆದರೆ ಮನೆಯ ಪ್ಲಿಂತ್ ಮುಚ್ಚುವಷ್ಟಲ್ಲ. ಈ ಅಳತೆ ತೆಗೆಯದೆ ಹುಲ್ಲಿಗೆ ಅಡ್ವಾನ್ಸ್ ಕೊಡಬೇಡಿ.

ಕೆಲಸ ಯಾವಾಗ ಹಿಡಿಯಬೇಕು ಎಂಬುದೂ ಮುಖ್ಯ. ಏಪ್ರಿಲ್, ಮೇನಲ್ಲಿ ಬಿರುಕು ಬಿಟ್ಟ ನೆಲದ ಮೇಲೆ ಖಡಿ ಹಾಸಿದರೆ ಅರ್ಧ ಖಡಿ ಬಿರುಕಿಗೆ ಇಳಿಯುತ್ತದೆ. ಮೊದಲ ಮಳೆಗೆ ಮಣ್ಣು ಉಬ್ಬಿದಾಗ ಮೇಲಿನ ಮಟ್ಟವೂ ಕೆಡುತ್ತದೆ. ಮಳೆಗಾಲದಲ್ಲಂತೂ ಗುದ್ದಲಿಗೆ ಅಂಟಿದ್ದು ಬಿಡುವುದಿಲ್ಲ. ಹಿಂಗಾರಿ ಮಳೆ ಮುಗಿದು ನೆಲದಲ್ಲಿ ಹಸಿ ಇರುವ ಡಿಸೆಂಬರ್, ಜನವರಿ ಸರಿಯಾದ ಹೊತ್ತು.

ಏಳು ಇಂಚು ಮಣ್ಣು ತೆಗೆಸಿ. ತೆಗೆದ ಎರೆ ಹೊರಗೆ ಹೋಗಲಿ, ಮತ್ತೆ ತುಂಬಲು ಬಳಸಬೇಡಿ. ಉಳಿದ ನೆಲಕ್ಕೆ ಮನೆಯಿಂದ ಪಾಗಾರದ ಕಡೆಗೆ ಹತ್ತು ಅಡಿಗೆ ಎರಡು ಇಂಚಿನಂತೆ ಇಳಿಜಾರು ಕೊಡಿಸಿ. ಮೇಲೆ ಮಾತ್ರ ಇಳಿಜಾರು ಮಾಡಿ ಕೆಳಗೆ ಚಪ್ಪಟೆ ಬಿಡುವ ಚಾಳಿ ನಮ್ಮವರಲ್ಲಿದೆ. ಖಡಿಯಲ್ಲಿ ಇಳಿದ ನೀರು ಹರಿಯುವುದು ಎರೆಯ ಮೈಮೇಲೆ, ಹಾಗಾಗಿ ಇಳಿಜಾರು ಅಲ್ಲೇ ಇರಬೇಕು. ಪಾಗಾರದ ಉದ್ದಕ್ಕೆ ಒಂದು ಅಡಿ ಅಗಲ, ಒಂದು ಅಡಿ ಆಳದ ಕಾಲುವೆ ತೋಡಿಸಿ.

ನೆಲಕ್ಕೂ ಕಾಲುವೆಗೂ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಸಿಂಥೆಟಿಕ್ ಬಟ್ಟೆ) ಹಾಸಿ. ಇದು ದುಂದು ಅಂತ ಅನ್ನಿಸಬಹುದು. ಇದಿಲ್ಲದಿದ್ದರೆ ಮೆತ್ತಗಾದ ಎರೆ ಖಡಿಯ ಸಂದಿಗೆ ಏರಿ ದಾರಿ ಕಟ್ಟುತ್ತದೆ. ಇದರ ಬದಲು ತಾಡಪತ್ರಿ ಹಾಸುವವರಿದ್ದಾರೆ, ಸುಮ್ನೆ ಒಳಗೊಂದು ಹೊಂಡ ಕಟ್ಟಿದಂತೆ. ಕಾಲುವೆಯಲ್ಲಿ ತೂತು ಕೊರೆದ ನಾಲ್ಕು ಇಂಚಿನ ಪಿವಿಸಿ ಪೈಪು, ತೂತು ಕೆಳಮುಖವಾಗಿ ಇರಲಿ. ಕಾಲುವೆಯಲ್ಲಿ ನೀರು ತಳದಿಂದ ಏರುತ್ತದೆ, ಅಲ್ವಾ? 20 ಅಡಿಗೆ ಎರಡೂವರೆ ಇಂಚು ಇಳಿಸಿ ಗಟಾರಕ್ಕೆ ಬಿಡಿ. ಗಟಾರದ ಬಾಯಿಗೆ ಜಾಲರಿ ಹಾಕಿಸಿ, ಹೆಗ್ಗಣ ಬರುತ್ತವೆ.

ಕಾಲುವೆಗೆ ಖಡಿ ತುಂಬಿ, ಇಡೀ ನೆಲದ ಮೇಲೆ ನಾಲ್ಕು ಇಂಚು 20 ಮಿಲಿಮೀಟರ್ ಖಡಿ, ಧೂಳಿಲ್ಲದ್ದು. ಅದರ ಮೇಲೆ ಎರಡು ಇಂಚು ಸಣ್ಣ ಕಲ್ಲಿನ ಚಿಪ್ಸ್. ಮಷಿನ್‌ನಿಂದ ದಮ್ಮಸು ಮಾಡಿಸಿ. ಹುಲ್ಲು ತರುವ ಮೊದಲು ನಾಲ್ಕಾರು ಬಕೆಟ್ ನೀರು ಸುರಿದು ಗಟಾರದ ಬಾಯಲ್ಲಿ ನಿಂತು ನೋಡಿ. ನೀರು ಬಂದರೆ ಮುಂದಿನ ಕೆಲಸ. ಬರದಿದ್ದರೆ ಗವಂಡಿಗೆ ಬಾಕಿ ಹಣ ಕೊಡಬೇಡಿ.

ನಿಮ್ಮಲ್ಲಿ ಜೇಕು ಕಳೆ ಇದ್ದರೆ ಗಡ್ಡೆ ಸಮೇತ ಕೀಳಿಸಿ. ಅದರ ಮೊಳಕೆ ಬಟ್ಟೆಯನ್ನೂ ತೂರಿ ಬರುತ್ತದೆ. ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಗದಗಿನ ಏಪ್ರಿಲ್ ಬಿಸಿಲಿಗೆ ಪ್ಲಾಸ್ಟಿಕ್ ಹುಲ್ಲು ಬರಿಗಾಲು ಇಡಲಾಗದಷ್ಟು ಕಾಯುತ್ತದೆ. ನೆರಳಿಲ್ಲದಿದ್ದರೆ ಮೊಮ್ಮಕ್ಕಳು ಆಡುವುದು ಸಂಜೆಗೇ. ನನ್ನನ್ನು ಕೇಳಿದರೆ ಇದೇ ಇಳಿಜಾರು, ಇದೇ ಕಾಲುವೆ ಮಾಡಿ ಮೇಲೆ ಕರಿಕೆ ಬೆಳೆಸುವುದೇ ಚೆಂದ. ಆಗ ಖಡಿಯ ಬದಲು ಒಳ್ಳೆಯ ಮಣ್ಣು ಹಾಕಿ, ಖಡಿ ಕಾಲುವೆಯಲ್ಲಿ ಮಾತ್ರ ಇರಲಿ.

ಪ್ರಶ್ನೆ: ನಮ್ಮದು ಧಾರವಾಡ, ಕಲಘಟಗಿ ರಸ್ತೆಯ ಕಡೆ. ಕೆಂಪು ಮಣ್ಣು. ನಮಗೂ ಈ ಪೈಪು, ಕಾಲುವೆ ಎಲ್ಲಾ ಬೇಕೇ?
– ಓದುಗ, ಧಾರವಾಡ

ಉತ್ತರ: ಬಹುಶಃ ಬೇಡ. ಒಂದು ಅಡಿ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೆ ತುಂಬಿ, ಒಂದು ಗಂಟೆ ಬಿಟ್ಟು ಅಳೆಯಿರಿ. ಒಂದು ಇಂಚಿಗಿಂತ ಜಾಸ್ತಿ ಇಳಿದಿದ್ದರೆ ಇಳಿಜಾರು ಮತ್ತು ನಾಲ್ಕು ಇಂಚು ಖಡಿ ಸಾಕು. ಅರ್ಧ ಇಂಚೂ ಇಳಿಯದಿದ್ದರೆ ಮೇಲಿನ ಉತ್ತರ ನಿಮಗೂ ಅನ್ವಯಿಸುತ್ತದೆ. ಹೊಸ ಲೇಔಟ್ ಆಗಿದ್ದರೆ ಎರಡು ಮೂರು ಕಡೆ ಗುಂಡಿ ತೋಡಿ ನೋಡಿ. ಸೈಟು ತುಂಬಿಸುವಾಗ ಎಲ್ಲಿಯದೋ ಎರೆ ತಂದು ಸುರಿದು, ಮೇಲೆ ಮಾತ್ರ ಕೆಂಪು ಮಣ್ಣು ಹರಡಿರುತ್ತಾರೆ.