ಫೈಲ್ ಕಣ್ಣೆದುರೇ ಇದೆ, ಪೈಥಾನ್‌ಗೆ ಸಿಗುತ್ತಿಲ್ಲ!

ಪ್ರಶ್ನೆ: ಪ್ರೋಗ್ರಾಮ್ ಇರುವ ಫೋಲ್ಡರಿನಲ್ಲೇ 'ಅಂಕಗಳು.ಟಿಎಕ್ಸ್‌ಟಿ' ಫೈಲ್ ಇದೆ. ಆದರೂ 'ಫೈಲ್‌ನಾಟ್‌ಫೌಂಡ್‌ಎರರ್' ಬರುತ್ತದೆ. ನಿನ್ನೆ ಇದೇ ಕೋಡ್ ಓಡಿತ್ತು. ಏಕೆ ಹೀಗೆ?

ಉತ್ತರ: 'ನಿನ್ನೆ ಓಡಿತ್ತು' ಎಂಬ ಮಾತಿನಲ್ಲೇ ಸುಳಿವಿದೆ. ಬರೀ ಹೆಸರು ಕೊಟ್ಟರೆ ಪೈಥಾನ್ ಹುಡುಕುವುದು ಪ್ರೋಗ್ರಾಮ್ ಇರುವ ಫೋಲ್ಡರಿನಲ್ಲಲ್ಲ, ನೀವು ಎಲ್ಲಿಂದ ಅದನ್ನು ಓಡಿಸಿದಿರೋ ಆ ಫೋಲ್ಡರಿನಲ್ಲಿ. ಇದೇ ಕರೆಂಟ್ ವರ್ಕಿಂಗ್ ಡೈರೆಕ್ಟರಿ. ವಿಎಸ್ ಕೋಡ್‌ನಲ್ಲಿ ನಿನ್ನೆ ಒಳಗಿನ ಫೋಲ್ಡರ್ ತೆರೆದು, ಇವತ್ತು ಅದರ ಹೊರಗಿನದನ್ನು ತೆರೆದಿದ್ದರೆ ಸಾಕು, ಕೋಡಿನ ಒಂದಕ್ಷರ ಬದಲಾಗದಿದ್ದರೂ ಎರರ್ ಬರುತ್ತದೆ.

ಊಹಿಸುತ್ತ ಕೂರಬೇಡಿ, ಪೈಥಾನನ್ನೇ ಕೇಳಿ. ಓಪನ್ ಸಾಲಿನ ಮೇಲೆ ಓಎಸ್ ಮಾಡ್ಯೂಲ್ ಇಂಪೋರ್ಟ್ ಮಾಡಿ, ಓಎಸ್.ಗೆಟ್‌ಸಿಡಬ್ಲ್ಯೂಡಿ() ಮತ್ತು ಓಎಸ್.ಲಿಸ್ಟ್‌ಡಿರ್() ಎರಡನ್ನೂ ಪ್ರಿಂಟ್ ಮಾಡಿ. ಮೊದಲನೆಯದು ಅದು ಎಲ್ಲಿ ನಿಂತಿದೆ ಎಂದು ಹೇಳುತ್ತದೆ, ಎರಡನೆಯದು ಅಲ್ಲಿ ಏನೇನಿದೆ ಎಂದು. ಪಟ್ಟಿಯಲ್ಲಿ 'ಅಂಕಗಳು.ಟಿಎಕ್ಸ್‌ಟಿ.ಟಿಎಕ್ಸ್‌ಟಿ' ಕಂಡರೆ ಆಶ್ಚರ್ಯಪಡಬೇಡಿ. ವಿಂಡೋಸ್ ಎಕ್ಸ್‌ಟೆನ್ಶನ್ನುಗಳನ್ನು ಮುಚ್ಚಿಡುವುದರಿಂದ, ಹೆಸರು ಬದಲಿಸುವಾಗ ನೀವು ಇನ್ನೊಂದು ಸೇರಿಸಿರುತ್ತೀರಿ. ಲಿನಕ್ಸ್‌ನಲ್ಲಾದರೆ ಇಂಗ್ಲಿಷ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರವನ್ನೂ ನೋಡಿ.

ಶಾಶ್ವತ ಪರಿಹಾರಕ್ಕೆ ಪಾತ್‌ಲಿಬ್ ಮಾಡ್ಯೂಲಿನ ಪಾತ್ ಬಳಸಿ: ಪಾತ್(__ಫೈಲ್__).ರಿಸಾಲ್ವ್().ಪೇರೆಂಟ್ ಎಂದರೆ ಪ್ರೋಗ್ರಾಮ್ ಇರುವ ಫೋಲ್ಡರ್. ಅದಕ್ಕೆ / ಹಾಕಿ ಫೈಲಿನ ಹೆಸರು ಸೇರಿಸಿ. ಜುಪಿಟರ್ ನೋಟ್‌ಬುಕ್‌ನಲ್ಲಿ ಮಾತ್ರ __ಫೈಲ್__ ಇರುವುದಿಲ್ಲ.

ಪ್ರಶ್ನೆ: ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಿಂದ ಪೂರ್ತಿ ವಿಳಾಸ ಕೊಟ್ಟರೆ 'ಯೂನಿಕೋಡ್‌ಎಸ್ಕೇಪ್' ಎಂಬ ಸಿಂಟ್ಯಾಕ್ಸ್ ಎರರ್ ಬರುತ್ತದೆ.

ಉತ್ತರ: ಹಿಂದಕ್ಕೆ ಬಾಗಿದ ಗೆರೆಯ ಪಕ್ಕ ದೊಡ್ಡ ಯು ಬಂದರೆ ಮುಂದೆ ಎಂಟು ಅಂಕೆಗಳ ಯೂನಿಕೋಡ್ ಸಂಖ್ಯೆ ಇರಬೇಕೆಂಬುದು ಪೈಥಾನ್ ನಿಯಮ. ಉದ್ಧರಣ ಚಿಹ್ನೆಯ ಮುಂದೆ ಸಣ್ಣ ಆರ್ ಹಾಕಿ, ಇಲ್ಲವೇ ಎಲ್ಲೆಡೆ / ಬಳಸಿ.

ಪ್ರಶ್ನೆ: ಕನ್ನಡ ಪಠ್ಯದ ಒಂದು ಫೈಲ್ ತೆರೆಯುತ್ತದೆ, ಆದರೆ ಅಕ್ಷರಗಳ ಬದಲು ಗೀಚು ಬರುತ್ತದೆ. ಇನ್ನೊಂದು 'ಬೈಟ್ 0ಎಕ್ಸ್8ಡಿ ಡಿಕೋಡ್ ಆಗದು' ಎಂದು ನಿಂತೇಬಿಡುತ್ತದೆ. ಎರಡು ಬೇರೆ ತೊಂದರೆಗಳೇ?

ಉತ್ತರ: ಅಲ್ಲ, ಒಂದೇ. ಕನ್ನಡದ ಪ್ರತಿ ಅಕ್ಷರ, ಮಾತ್ರೆ, ಹಲಂತ ಚಿಹ್ನೆಗೂ ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿ) ಮೂರು ಬೈಟ್ ಬೇಕು. ಎನ್‌ಕೋಡಿಂಗ್ ಯಾವುದೆಂದು ನೀವು ಹೇಳದಿದ್ದರೆ, ವಿಂಡೋಸ್‌ನಲ್ಲಿ ಪೈಥಾನ್ 3.14ರವರೆಗಿನ ಆವೃತ್ತಿಗಳು ಸಿಸ್ಟಂನ ಹಳೆಯ ಎನ್‌ಕೋಡಿಂಗನ್ನೇ ಹಿಡಿಯುತ್ತವೆ. ಅದು ಬಹಳಷ್ಟು ಕಡೆ ಸಿಪಿ1252. ಒಂದು ಬೈಟಿಗೆ ಒಂದು ಅಕ್ಷರ ಎಂಬುದು ಅದರ ಲೆಕ್ಕ. ಹಾಗಾಗಿ 'ಕಮಲ' ಎಂಬ ಮೂರಕ್ಷರ ಒಂಬತ್ತು ವಿಚಿತ್ರ ಚಿಹ್ನೆಗಳಾಗುತ್ತದೆ, ಎರರ್ ಬರುವುದಿಲ್ಲ. 'ಅಮ್ಮ' ಎಂದಿದ್ದರೆ ಕತೆ ಬೇರೆ. ಒತ್ತಕ್ಷರದೊಳಗೆ ಹಲಂತ ಚಿಹ್ನೆ ಅಡಗಿರುತ್ತದೆ, ಅದರ ಮೂರನೇ ಬೈಟ್ 8ಡಿ. ಸಿಪಿ1252ರಲ್ಲಿ ಆ ಸ್ಥಾನ ಖಾಲಿ! ಒತ್ತಕ್ಷರವಿಲ್ಲದೆ ಕನ್ನಡದಲ್ಲಿ ಎರಡು ಸಾಲು ಬರೆಯುವುದೂ ಕಷ್ಟ, ಆದ್ದರಿಂದ ಈ ಎರರ್ ನಮಗೆ ಪದೇಪದೇ ಎದುರಾಗುತ್ತದೆ.

ಓಪನ್‌ಗೆ ಎನ್‌ಕೋಡಿಂಗ್='ಯುಟಿಎಫ್-8' ಎಂದು ಸೇರಿಸಿ, ಓದುವಾಗಲೂ ಬರೆಯುವಾಗಲೂ. ಎರರ್ಸ್='ಇಗ್ನೋರ್' ಹಾಕಿ ಎಂಬ ಸಲಹೆ ಸಿಕ್ಕರೆ ದಯವಿಟ್ಟು ಒಪ್ಪಬೇಡಿ. ಸಂದೇಶ ಮಾಯವಾಗುತ್ತದೆ, ಗೀಚು ಹಾಗೇ ಉಳಿಯುತ್ತದೆ, ಜೊತೆಗೆ ಕೆಲವು ಬೈಟುಗಳೂ ಕಳೆದುಹೋಗಿರುತ್ತವೆ.

ಎಕ್ಸೆಲ್‌ನಿಂದ 'ಸಿಎಸ್‌ವಿ ಯುಟಿಎಫ್-8' ಆಗಿ ಉಳಿಸಿದ ಫೈಲಾದರೆ ಮೊದಲ ಕಾಲಮ್ಮಿನ ಹೆಸರಿಗಷ್ಟೇ 'ಕೀಎರರ್', ಅಂದರೆ ಆ ಹೆಸರು ಸಿಗಲಿಲ್ಲ ಎಂಬ ಎರರ್, ಬರಬಹುದು. ಫೈಲಿನ ಆರಂಭದಲ್ಲಿ ಎಕ್ಸೆಲ್ ಹಾಕುವ ಕಣ್ಣಿಗೆ ಕಾಣದ ಗುರುತು ಆ ಹೆಸರಿಗೆ ಅಂಟಿಕೊಂಡಿರುತ್ತದೆ. ಆಗ 'ಯುಟಿಎಫ್-8-ಸಿಗ್' ಎಂದು ಕೊಟ್ಟರೆ ಪೈಥಾನ್ ಅದನ್ನು ತೆಗೆದುಹಾಕಿ ಓದುತ್ತದೆ.